ಡಾಕ್ಟ್ರ ಮದ್ದಿನ ಒಟ್ಟಿಗೆ ಮನೆಮದ್ದು, ಆಯುರ್ವೇದ ಕೊಡಬಹುದಾ? ಮಕ್ಕಳ ಅಪ್ಪ-ಅಮ್ಮಂದಿರಿಗೆ ಹಂತ ಹಂತವಾಗಿ

"ಮಗುವಿಗೆ ಆಂಟಿಬಯಾಟಿಕ್ ನಡೀತಾ ಉಂಟು, ಅತ್ತೆ ಕಷಾಯ ಮಾಡಿಟ್ಟಿದ್ದಾರೆ, ಒಟ್ಟಿಗೆ ಕೊಡಬಹುದಾ?" ಉಡುಪಿಯಲ್ಲಿ ಮೆಡಿಕಲ್ ಕೌಂಟರ್ ಹಿಂದೆ ನಿಲ್ಲುವ ನನಗೆ ಮಳೆಗಾಲ ಶುರುವಾದ ಮೇಲೆ ದಿನಾ ಬರುವ ಪ್ರಶ್ನೆ ಇದು. ಕ್ಯೂನಲ್ಲಿ ಹಿಂದೆ ನಾಲ್ಕು ಜನ ನಿಂತಿರುವಾಗ ಸರಿ ಉತ್ತರ ಕೊಡ್ಲಿಕ್ಕೆ ಆಗುದಿಲ್ಲ, ಹಾಗಾಗಿ ಒಮ್ಮೆ ಕೂತು ಪೂರ್ತಿ ಬರೆದು ಬಿಡುವ ಅಂತ.

ನಮ್ಮೂರಲ್ಲಿ ಇಂಗ್ಲಿಷ್ ಮದ್ದು, ಆಯುರ್ವೇದ ಎರಡೂ ಕೈಗೆ ಸಿಗುವಷ್ಟು ಹತ್ರ ಉಂಟು. ಮಣಿಪಾಲದಲ್ಲಿ ಕೆಎಂಸಿ ಆಸ್ಪತ್ರೆ, ಕುತ್ಪಾಡಿಯಲ್ಲಿ ಎಸ್‌ಡಿಎಂ ಆಯುರ್ವೇದ ಕಾಲೇಜು, ಮಂಗ್ಳೂರಿಗೆ ಹೋದ್ರೆ ವೆನ್ಲಾಕ್, ಫಾದರ್ ಮುಲ್ಲರ್ ಆಸ್ಪತ್ರೆ. ಎರಡನ್ನೂ ಸೇರಿಸಿ ಕೊಡುವುದಕ್ಕೆ ಈಗ ಇಂಟಿಗ್ರೇಟಿವ್ ಮೆಡಿಸಿನ್ ಅಂತ ಹೆಸರು. ಅಂದ್ರೆ ಮಾಮೂಲಿ ಚಿಕಿತ್ಸೆಯನ್ನು ಬಿಡದೆ, ಅದರ ಜೊತೆ ಆಯುರ್ವೇದ, ಯೋಗ, ಮಾಲೀಶು, ಪಥ್ಯ ಇಂಥದ್ರಲ್ಲಿ ಪುರಾವೆ ಇರುವುದನ್ನು ಮಾತ್ರ ಆರಿಸಿ ಸೇರಿಸುದು. ಹೆಚ್ಚಿನವರು ಸೇರಿಸುವ ಕೆಲಸ ಮಾಡ್ತಾರೆ, ಆರಿಸುವ ಕೆಲಸ ಮಾಡುದಿಲ್ಲ, ಅದು ಮಾತ್ರ ಅಲ್ಲ ಎಂತೆಂತ ಸೇರಿಸಿದ್ದೇವೆ ಅಂತ ಡಾಕ್ಟ್ರಿಗೂ ಹೇಳುದಿಲ್ಲ. ಸಮಸ್ಯೆ ಎಲ್ಲ ಅಲ್ಲೇ ಇರುದು.

ಮೊದಲು ಮನೆಯಲ್ಲಿ ಇಷ್ಟು ಇಟ್ಕೊಳ್ಳಿ: ಒಂದು ಡಿಜಿಟಲ್ ಥರ್ಮಾಮೀಟರ್, ಎಂಎಲ್ ಗೆರೆ ಇರುವ ಮದ್ದು ಕುಡಿಸುವ ಸಿರಿಂಜ್ (ಅಡುಗೆ ಚಮಚ ಬೇಡ, ಒಂದೊಂದು ಮನೆಯ ಚಮಚ ಒಂದೊಂದು ಅಳತೆ), ಒಂದು ಸಣ್ಣ ನೋಟ್‌ಬುಕ್, ಮತ್ತೆ ಮಗುವಿನ ಈಗಿನ ತೂಕ. ತೂಕ ಇಲ್ಲದೆ ಮಕ್ಕಳ ಡೋಸ್ ಲೆಕ್ಕ ಹಾಕ್ಲಿಕ್ಕೆ ಆಗುದಿಲ್ಲ ಮಾರ್ರೆ, "ಎರಡು ವರ್ಷದ ಮಗು" ಅಂದ್ರೆ 9 ಕೆಜಿಯೂ ಇರ್ತದೆ 14 ಕೆಜಿಯೂ ಇರ್ತದೆ.

ಹಂತ 1: ಇದು ಮನೆಮದ್ದಿನ ಹೊತ್ತಾ ಅಂತ ಮೊದ್ಲು ನೋಡಿ

ಕೆಲವು ಲಕ್ಷಣ ಕಂಡ್ರೆ ಕಷಾಯವೂ ಬೇಡ, ಗೂಗಲೂ ಬೇಡ, ಸೀದಾ ಆಸ್ಪತ್ರೆ. ಗಾಡಿ ಇಲ್ಲದಿದ್ರೆ 108.

ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಜಾಸ್ತಿ ಜ್ವರ. ಹಾಲು ಕುಡಿಯುದು ನಿಲ್ಲಿಸಿದ್ರೆ. ಫಿಟ್ಸ್ ಬಂದ್ರೆ. ಎಬ್ಬಿಸಿದ್ರೂ ಸರಿ ಏಳದೆ ಮಂಕಾಗಿ ಬಿದ್ಕೊಂಡಿದ್ರೆ. ಆರೆಂಟು ಗಂಟೆ ಮೂತ್ರವೇ ಹೋಗದಿದ್ರೆ. ಹಸಿರು ವಾಂತಿ, ಮಲದಲ್ಲಿ ರಕ್ತ. ಉಸಿರು ಎಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳ್ತಾ ಇದ್ರೆ. ಉಸಿರಾಟವನ್ನು ನೀವೇ ಎಣಿಸಬಹುದು, ಮಗು ಅಳದೆ ಸುಮ್ಮನೆ ಇರುವಾಗ ಅಂಗಿ ಮೇಲೆತ್ತಿ ಪೂರ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯುದನ್ನು ಎಣಿಸಿ: ಎರಡು ತಿಂಗಳೊಳಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷಕ್ಕೆ 40. ಇದು ಮತ್ತು ಇದಕ್ಕಿಂತ ಜಾಸ್ತಿ ಆದ್ರೆ ನ್ಯುಮೋನಿಯಾ ಇರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಹಾಕಿದ ಗೆರೆ.

ಹುಟ್ಟಿದ ಮಗುವಿಗೆ ಅರಿಶಿನ ಬಣ್ಣ ಬಂದ್ರೆ ಬಿಸಿಲಿಗೆ ಹಿಡಿದು ಕಾಯ್ತಾ ಕೂರಬೇಡಿ. ಆ ಹಳದಿ ಬಣ್ಣ ತರುವ ಬಿಲಿರುಬಿನ್ ರಕ್ತದಲ್ಲಿ ಎಷ್ಟುಂಟು ಅಂತ ಟೆಸ್ಟ್ ಮಾಡ್ಲೇಬೇಕು, ಜಾಸ್ತಿ ಇದ್ರೆ ಫೋಟೋಥೆರಪಿ ಅಂದ್ರೆ ನೀಲಿ ಲೈಟಿನ ಕೆಳಗೆ ಮಲಗಿಸುದು ಬೇಕಾಗ್ತದೆ, ಬೆಳಗ್ಗಿನ ಬಿಸಿಲು ಅದಕ್ಕೆ ಬದಲಿ ಆಗುದಿಲ್ಲ. ಬರೆ ಹಾಕ್ಸುದು ಅಂತೂ ಯಾರು ಹೇಳಿದ್ರೂ ಬೇಡವೇ ಬೇಡ.

ಹಂತ 2: ಮಗುವಿನ ಹೊಟ್ಟೆಗೆ, ಮೈಗೆ ಹೋಗುವ ಎಲ್ಲವನ್ನೂ ಪಟ್ಟಿ ಮಾಡಿ

"ಬೇರೆ ಎಂತಾದ್ರೂ ಮದ್ದು ಕೊಡ್ತಾ ಇದ್ದೀರಾ" ಅಂದ್ರೆ ಎಲ್ಲರೂ "ಇಲ್ಲ" ಅಂತಾರೆ, ಯಾಕಂದ್ರೆ ಜೇನು ಮದ್ದು ಅಂತ ಅವರಿಗೆ ಅನಿಸುದೇ ಇಲ್ಲ. ಗ್ರೈಪ್ ವಾಟರ್, ಬಜೆ, ಹೋಮಿಯೋಪತಿ ಗುಳಿಗೆ, ಮೀಸುವವರು ತರುವ ಎಣ್ಣೆ, ಕಣ್ಣಿಗೆ ಕಾಡಿಗೆ, ಪುಷ್ಯ ನಕ್ಷತ್ರಕ್ಕೆ ಹಾಕ್ಸುವ ಸ್ವರ್ಣಪ್ರಾಶನ, ಮುಂಬೈಯಿಂದ ದೊಡ್ಡಮ್ಮ ಕಳಿಸಿದ ಇಮ್ಯುನಿಟಿ ಪುಡಿ, ಎಲ್ಲವೂ ಪಟ್ಟಿಗೆ ಬರಬೇಕು. ಪಕ್ಕದಲ್ಲಿ ಎಷ್ಟು, ದಿನಕ್ಕೆ ಎಷ್ಟು ಸಲ, ಯಾವಾಗಿಂದ ಅಂತ ಬರೀರಿ. ಲೇಬಲ್ಲಿನ ಎರಡೂ ಬದಿ ಫೋಟೋ ತೆಗ್ದಿಡಿ. ಮಧ್ಯಾಹ್ನ ಮಗುವನ್ನು ನೋಡ್ಕೊಳ್ಳುದು ಅಜ್ಜಿ ಆದ್ರೆ ಪಟ್ಟಿಯನ್ನು ಅಜ್ಜಿಯ ಎದುರು ಕೂತೇ ಮಾಡಿ, ನಿಮಗೆ ಗೊತ್ತಿಲ್ಲದ್ದು ಒಂದೆರಡು ಹೊರಗೆ ಬಂದೇ ಬರ್ತದೆ.

ಹಂತ 3: ಒಂದೊಂದಕ್ಕೂ ನಾಲ್ಕು ಪ್ರಶ್ನೆ

ಇದರೊಳಗೆ ಎಂತ ಉಂಟು? ನನ್ನ ಮಗುವಿನ ತೂಕಕ್ಕೆ ಎಷ್ಟು? ಮಕ್ಕಳಲ್ಲಿ ಇದನ್ನು ಪರೀಕ್ಷೆ ಮಾಡಿದ್ದಾರಾ? ತಪ್ಪಿದ್ರೆ ಎಂತ ಆಗ್ತದೆ?

ಮೂರನೇ ಪ್ರಶ್ನೆಗೆ ಸ್ವಲ್ಪ ವಿವರಣೆ ಬೇಕು. ಶೀತ ಮದ್ದು ಕೊಟ್ರೂ ಕೊಡದಿದ್ರೂ ವಾರ-ಹತ್ತು ದಿನದಲ್ಲಿ ಹೋಗ್ತದೆ. ಹಾಗಾಗಿ ಐದನೇ ದಿನ ಎಂತ ಕೊಟ್ರೂ "ಅದ್ರಿಂದಲೇ ಗುಣ ಆಯ್ತು" ಅಂತ ಕಾಣ್ತದೆ. ಇದನ್ನು ತಪ್ಪಿಸ್ಲಿಕ್ಕೆ ಮಾಡುದೇ ರ‍್ಯಾಂಡಮೈಸ್ಡ್ ಟ್ರಯಲ್, ಅಂದ್ರೆ ಒಂದೇ ತರದ ಕಾಯಿಲೆ ಇರುವ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಮದ್ದು ಇನ್ನೊಂದಕ್ಕೆ ಮದ್ದಿಲ್ಲದ್ದು ಅಥವಾ ಹಳೇ ಮದ್ದು ಕೊಟ್ಟು ಹೋಲಿಸುದು. ಇಂಥ ತುಂಬ ಟ್ರಯಲ್‌ಗಳನ್ನು ಒಟ್ಟು ಸೇರಿಸಿ ಜರಡಿ ಹಿಡಿಯುವ ಕೆಲಸ ಮಾಡುವ ಸಂಸ್ಥೆ ಕಾಕ್ರೇನ್. ಅವರ ಸೈಟಿನಲ್ಲಿ ಸಾಮಾನ್ಯ ಜನರಿಗೆ ಅರ್ಥ ಆಗುವ ಸಾರಾಂಶ ಫ್ರೀ ಆಗಿ ಸಿಕ್ತದೆ, ಇಂಗ್ಲಿಷ್ ಓದ್ಲಿಕ್ಕೆ ಬರುವವರು ಮದ್ದಿನ ಹೆಸರು ಹಾಕಿ ಹುಡುಕಿ. "ಸಾವಿರಾರು ವರ್ಷದಿಂದ ಬಳಸ್ತಾ ಇದ್ದಾರೆ" ಅನ್ನುದು ಪುರಾವೆ ಅಲ್ಲ. ಹಾಗೇ "ಲ್ಯಾಬಲ್ಲಿ ಇಲಿಗೆ ಕೊಟ್ಟು ನೋಡಿದ್ದಾರೆ" ಅನ್ನುದೂ ನಿಮ್ಮ ಮಗುವಿಗೆ ಪುರಾವೆ ಅಲ್ಲ, ಅರಿಶಿನದ ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ಹೆಚ್ಚಿನವು ಈ ಜಾತಿಯವು.

ಹಂತ 4: ಮೂರು ಪಾಲು ಮಾಡಿ

ಧೈರ್ಯವಾಗಿ ಸೇರಿಸಬಹುದಾದ್ದು ಮೊದ್ಲು. ಕೆಮ್ಮಿಗೆ ಜೇನು ಉಂಟಲ್ಲಾ, ಅದಕ್ಕೆ ಒಳ್ಳೆ ಪುರಾವೆಯೇ ಉಂಟು. 2018ರ ಕಾಕ್ರೇನ್ ವಿಮರ್ಶೆ ಪ್ರಕಾರ ಮಕ್ಕಳ ಕೆಮ್ಮಿಗೆ ಏನೂ ಕೊಡದೆ ಇರುವುದಕ್ಕಿಂತ ಜೇನು ಮೇಲು. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮೊದ್ಲು ಎರಡೂವರೆಯಿಂದ 5 ಎಂಎಲ್, ಆಮೇಲೆ ಬಾಯಿ ತೊಳೆಸಿ. ಕೆಮ್ಮಿನ ಸಿರಪ್ ಕೇಳಿಕೊಂಡು ಬರುವವರಿಗೆ ನಾನು ಇದನ್ನೇ ಹೇಳುದು, ವ್ಯಾಪಾರ ಹೋದ್ರೆ ಹೋಗ್ಲಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಡೈಎಥಿಲಿನ್ ಗ್ಲೈಕಾಲ್ ಅನ್ನುವ ವಿಷ ರಾಸಾಯನಿಕ ಬೆರೆತ ಕೆಮ್ಮಿನ ಸಿರಪ್ಪಿಂದ ಮಕ್ಕಳು ಸತ್ತದ್ದು ಗೊತ್ತುಂಟಲ್ಲಾ, ಆಗ ಕೇಂದ್ರ ಆರೋಗ್ಯ ಇಲಾಖೆಯೇ ಎರಡು ವರ್ಷದೊಳಗೆ ಕೆಮ್ಮಿನ ಮದ್ದು ಕೊಡಲೇಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಅಂತ ಸುತ್ತೋಲೆ ಕಳಿಸಿತು. ಮೂಗು ಕಟ್ಟಿದ್ರೆ ಸಲೈನ್ ಡ್ರಾಪ್ಸ್ (ಉಪ್ಪುನೀರಿನ ಹನಿ) ಸಾಕು. ಬಿಸಿನೀರಿನ ಪಾತ್ರೆ ಮೇಲೆ ಮುಸುಕು ಹಾಕಿ ಹಬೆ ಹಿಡಿಸುದು ಬೇಡ, ಅದ್ರಿಂದ ಲಾಭ ಇದೆ ಅಂತ ಗಟ್ಟಿ ಪುರಾವೆ ಇಲ್ಲ, ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಳ್ಳುದು ಮಾತ್ರ ಖರೆ.

ಭೇದಿಗೆ ಓಆರ್‌ಎಸ್ ಮತ್ತೆ ಝಿಂಕ್. ಝಿಂಕ್ ಆರು ತಿಂಗಳೊಳಗೆ ದಿನಕ್ಕೆ 10 ಮಿಲಿಗ್ರಾಂ, ಮೇಲೆ 20 ಮಿಲಿಗ್ರಾಂ, 10ರಿಂದ 14 ದಿನ, ಭೇದಿ ನಿಂತ ಮೇಲೂ ಕೋರ್ಸ್ ಪೂರ್ತಿ ಮಾಡಬೇಕು. ಓಆರ್‌ಎಸ್‌ನಲ್ಲಿ ಆಗುವ ತಪ್ಪು ಎಂತ ಅಂದ್ರೆ ಒಂದು ಲೀಟರಿನ ದೊಡ್ಡ ಪ್ಯಾಕೆಟ್ ಒಡೆದು ಒಂದು ಗ್ಲಾಸ್ ನೀರಿಗೆ ಸ್ವಲ್ಪ ಸ್ವಲ್ಪ ಹಾಕುದು. ಹಾಗೆ ಮಾಡಿದ್ರೆ ಅಳತೆ ತಪ್ಪಿ ಉಪ್ಪು ಹೆಚ್ಚಾಗಬಹುದು, ಅದು ಅಪಾಯ. ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರ್ದಿದೆಯೋ ಅಷ್ಟಕ್ಕೆ ಪೂರ್ತಿ ಪ್ಯಾಕೆಟ್ ಹಾಕಿ, 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಿ. ಎರಡು ವರ್ಷದೊಳಗಿನವರಿಗೆ ಪ್ರತಿ ಸಲ ಭೇದಿ ಆದ ಮೇಲೆ 50ರಿಂದ 100 ಎಂಎಲ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200, ಚಮಚ ಚಮಚವಾಗಿ. ವಾಂತಿ ಮಾಡಿದ್ರೆ ಹತ್ತು ನಿಮಿಷ ಬಿಟ್ಟು ಪುನಃ ಶುರು ಮಾಡಿ. ಟೆಟ್ರಾ ಪ್ಯಾಕಿನಲ್ಲಿ ಬರುವ ಸಿಹಿ ಜ್ಯೂಸ್ ತರದ್ದು ಬೇಡ, ಡಬ್ಲ್ಯುಎಚ್‌ಒ ಫಾರ್ಮುಲಾ ಅಂತ ಬರ್ದದ್ದನ್ನೇ ಕೇಳಿ. ಇನ್ನು ಆರು ತಿಂಗಳು ದಾಟಿದವರಿಗೆ ಇದರ ಒಟ್ಟಿಗೆ ಉಪ್ಪು ಹಾಕಿದ ಕುಚಲಕ್ಕಿ ಗಂಜಿ ಕಿವುಚಿ ಕೊಡಿ, ಧಾರಾಳವಾಗಿ ಕೊಡಿ, ಅನ್ನದ ಪಿಷ್ಟ ಕರುಳಿನಲ್ಲಿ ನಿಧಾನಕ್ಕೆ ಸಕ್ಕರೆಯಾಗಿ ಉಪ್ಪು-ನೀರನ್ನು ಒಳಗೆಳೀತದೆ. ಭೇದಿ ಅಂತ ಮಗುವನ್ನು ಉಪವಾಸ ಕೆಡವುದು ತಪ್ಪು. ಎದೆಹಾಲು ನಿಲ್ಲಿಸುದು ಅದಕ್ಕಿಂತ ದೊಡ್ಡ ತಪ್ಪು.

ತೆಂಗಿನೆಣ್ಣೆ ಮಾಲೀಶು ಒಳ್ಳೆಯದೇ, ಒಣಚರ್ಮದ ಮಕ್ಕಳಿಗಂತೂ ಬೇಕು. ಆದ್ರೆ ಮೀಸುವಾಗ ಮೂಗಿಗೆ, ಕಿವಿಗೆ ಎಣ್ಣೆ ಬಿಡುದು ಬೇಡ, ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದ್ರೆ ನ್ಯುಮೋನಿಯಾ ಆಗ್ತದೆ. ಟೆಸ್ಟಲ್ಲಿ ಎಂತದೂ ಸಿಗದೆ ಪದೇ ಪದೇ ಹೊಟ್ಟೆನೋವು ಅನ್ನುವ ಶಾಲೆ ಮಕ್ಕಳಿಗೆ ರಿಲ್ಯಾಕ್ಸೇಶನ್, ಕೌನ್ಸೆಲಿಂಗ್, ತರಬೇತಿ ಇದ್ದವರು ಮಾಡುವ ಹಿಪ್ನೋಥೆರಪಿ ಕೆಲಸ ಮಾಡ್ತದೆ ಅಂತ ಟ್ರಯಲ್‌ಗಳುಂಟು. ಆಸ್ತಮಾ ಮಕ್ಕಳಿಗೆ ಯೋಗ, ಉಸಿರಿನ ವ್ಯಾಯಾಮ ಮಾಡಿಸಿ, ಇನ್‌ಹೇಲರ್ ಬಿಡಿಸಬೇಡಿ. ಇನ್‌ಹೇಲರ್ "ಅಭ್ಯಾಸ ಆಗ್ತದೆ" ಅನ್ನುದು ಸುಳ್ಳು, ನಿಲ್ಲಿಸಿದ್ರೆ ಮಾತ್ರ ಮಧ್ಯರಾತ್ರಿ ಕ್ಯಾಶುವಾಲ್ಟಿಗೆ ಓಡಬೇಕಾಗ್ತದೆ.

ಎರಡನೇ ಪಾಲು, ಡಾಕ್ಟ್ರಿಗೆ ಹೇಳಿ ಕೊಡುವಂಥದ್ದು. ಜೀರಿಗೆ-ಕೊತ್ತಂಬರಿ ಕಷಾಯ ಒಂದೆರಡು ವರ್ಷ ದಾಟಿದವರಿಗೆ ತೆಳ್ಳಗೆ ಮಾಡಿ ಸ್ವಲ್ಪ ಕೊಟ್ರೆ ತೊಂದ್ರೆ ಇಲ್ಲ, ಕಾಯಿಲೆಗೆ ಮದ್ದು ಅಂತ ನಂಬಿ ಕೂರಬೇಡಿ ಅಷ್ಟೆ. ಅಮೃತಬಳ್ಳಿ ಮಾತ್ರ ಹಾಗಲ್ಲ, 2021ರಲ್ಲಿ ಮುಂಬೈ ಡಾಕ್ಟ್ರುಗಳು ಅದನ್ನು ಸೇವಿಸಿ ಲಿವರ್ ಹಾಳಾದ ಕೇಸುಗಳನ್ನು ವರದಿ ಮಾಡಿದ್ರು, ದೊಡ್ಡವರಲ್ಲಿ ಆದದ್ದಾದ್ರೂ ಮಕ್ಕಳಿಗೆ ದಿನಾ ಕುಡಿಸುವ ಮೊದ್ಲು ಯೋಚಿಸಿ. ಸ್ವರ್ಣಪ್ರಾಶನಕ್ಕೆ ರೋಗ ತಡೀತದೆ ಅನ್ನುವಷ್ಟು ಗಟ್ಟಿ ಪುರಾವೆ ಇಲ್ಲ, ಅದ್ರಲ್ಲಿ ಜೇನು ಇರ್ತದೆ, ಹಾಗಾಗಿ ಒಂದು ವರ್ಷದೊಳಗೆ ಬೇಡ. ಅದನ್ನು ಹಾಕ್ಸಿದ್ದೇವೆ ಅಂತ ವ್ಯಾಕ್ಸಿನ್ ಬಿಡುದಂತೂ ಮಾಡಬೇಡಿ.

ಪಪ್ಪಾಯಿ ಎಲೆ ರಸ. ಡೆಂಗೆ ಬಂದ್ರೆ ಮಂಗ್ಳೂರಿನಲ್ಲಿ ಮೊದ್ಲು ಓಡುದು ಪಪ್ಪಾಯಿ ಗಿಡದ ಬುಡಕ್ಕೆ. ಪ್ಲೇಟ್‌ಲೆಟ್ ಸಂಖ್ಯೆ ಸ್ವಲ್ಪ ಬೇಗ ಏರ್ತದೆ ಅಂತ ಕೆಲವು ಅಧ್ಯಯನ ಹೇಳ್ತದೆ, ಜೀವ ಉಳಿಸ್ತದೆ ಅಂತ ಯಾವುದೂ ತೋರಿಸಿಲ್ಲ. ಡೆಂಗೆಯಲ್ಲಿ ಜೀವಕ್ಕೆ ಅಪಾಯ ಬರುದು ರಕ್ತನಾಳದಿಂದ ದ್ರವ ಸೋರಿ ಬಿಪಿ ಇಳಿಯುದ್ರಿಂದ, ಅದೂ ಹೆಚ್ಚಾಗಿ ಜ್ವರ ಬಿಡುವ ಹೊತ್ತಿಗೆ, ಮೂರರಿಂದ ಏಳನೇ ದಿನದೊಳಗೆ. ಜ್ವರ ಬಿಟ್ಟಿತು ಅಂತ ನೀವು ನಿರಾಳ ಆಗುವ ದಿನವೇ ಕಣ್ಣಿಟ್ಟು ಕಾಯಬೇಕಾದ ದಿನ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗೆ, ಇದ್ರಲ್ಲಿ ಒಂದು ಕಂಡ್ರೂ ಅಡ್ಮಿಟ್. ಆ ಕಹಿ ರಸ ಕುಡಿಸಿ ಮಗು ವಾಂತಿ ಮಾಡಿದ್ರೆ, ವಾಂತಿ ಡೆಂಗೆಯದ್ದಾ ರಸದ್ದಾ ಅಂತ ಡಾಕ್ಟ್ರಿಗೂ ಗೊತ್ತಾಗುದಿಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೆನ್, ಆಸ್ಪಿರಿನ್ ಬೇಡ.

ಮೂರನೇ ಪಾಲು, ಕೊಡಲೇಬಾರದ್ದು. ವರ್ಷದೊಳಗೆ ಜೇನು, ಹುಟ್ಟಿದ ದಿನ ನಾಲಿಗೆಗೆ ಮುಟ್ಟಿಸುದೂ ಸೇರಿ: ಜೇನಿನಲ್ಲಿ ಬಾಟ್ಯುಲಿನಮ್ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಎಳೆ ಕರುಳಿನಲ್ಲಿ ಅದು ಮೊಳೆತು ವಿಷ ಬಿಟ್ರೆ ಮಗುವಿನ ಸ್ನಾಯುಗಳೇ ಸೋತು ಹೋಗ್ತವೆ. ಬಜೆ ತೇದು ನೆಕ್ಕಿಸುದು: ಮಾತು ಬೇಗ ಬರ್ತದೆ ಅಂತ ನಮ್ಮಲ್ಲಿ ಕೊಡ್ತಾರೆ, ಅದ್ರಲ್ಲಿರುವ ಬೀಟಾ-ಅಸಾರೋನ್ ಪ್ರಾಣಿಗಳಲ್ಲಿ ಕ್ಯಾನ್ಸರ್ ತರ್ತದೆ ಅಂತ ಗೊತ್ತಾಗಿ ಅಮೆರಿಕ 1968ರಲ್ಲೇ ಆಹಾರದಲ್ಲಿ ನಿಷೇಧ ಮಾಡಿದೆ, ಕಲ್ಲಿಗೆ ಎಷ್ಟು ಸುತ್ತು ತೇದ್ರೆ ಎಷ್ಟು ಮಿಲಿಗ್ರಾಂ ಅಂತ ಯಾರೂ ಹೇಳ್ಲಿಕ್ಕೆ ಸಾಧ್ಯ ಇಲ್ಲ. ಕರ್ಪೂರ: ಸ್ವಲ್ಪ ಹೊಟ್ಟೆಗೆ ಹೋದ್ರೂ ಫಿಟ್ಸ್ ಬರ್ತದೆ, ದೇವರ ಕೋಣೆಯ ಕರ್ಪೂರದ ಡಬ್ಬಿ ಮೇಲಿಡಿ, ಎರಡು ವರ್ಷದೊಳಗೆ ಎದೆಗೆ ಕರ್ಪೂರದೆಣ್ಣೆ ಬೇಡ. ನೀಲಗಿರಿ ಎಣ್ಣೆ ಕುಡಿಸುದೂ ಹಾಗೆಯೇ. ಕಾಡಿಗೆಯಲ್ಲಿ ಸೀಸ ಇರಬಹುದು. ಹಲ್ಲು ಬರುವಾಗಿನ ಹೋಮಿಯೋಪತಿ ಗುಳಿಗೆ "ಅದ್ರಲ್ಲಿ ಎಂತ ಉಂಟು, ಸಕ್ಕರೆ ಅಷ್ಟೆ" ಅಂತ ಕೆಲವರು ಹೇಳ್ತಾರೆ, 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಂಥ ಕೆಲವು ಗುಳಿಗೆಗಳಲ್ಲಿ ಬೆಲಡೋನಾ ಅನ್ನುವ ವಿಷಗಿಡದ ಅಂಶ ಲೇಬಲ್ಲಿಗಿಂತ ತುಂಬ ಜಾಸ್ತಿ ಇದ್ದದ್ದು ಕಂಡು ಹಿಡಿಯಿತು.

ಇನ್ನು ಆಟಿ ಅಮಾವಾಸ್ಯೆಗೆ ತುಳುನಾಡಿನಲ್ಲಿ ಕುಡಿಯುವ ಪಾಲೆ ಮರದ ಕಷಾಯ. ಬೇಜಾರು ಮಾಡ್ಕೊಳ್ಬೇಡಿ, ನಾನೂ ಕುಡಿದೇ ಬೆಳೆದವ. ಬೆಳಕು ಹರಿಯುವ ಮೊದ್ಲು ಪಾಲೆ ಮರದ ಕೆತ್ತೆಯನ್ನು (ತೊಗಟೆ) ಕಲ್ಲಿನಲ್ಲಿ ಜಜ್ಜಿ ತೆಗೆದು, ಓಮ, ಬೆಳ್ಳುಳ್ಳಿ, ಕರಿಮೆಣಸು ಹಾಕಿ ಅರೆದು, ಬಿಳಿಕಲ್ಲು ಕಾಯಿಸಿ ಅದ್ರಲ್ಲಿ ಮುಳುಗಿಸುದು, ಮೇಲಿಂದ ಮೆಂತೆ ಗಂಜಿ. ಅಪಾಯ ಇರುದು ಆ ಕತ್ತಲೆಯಲ್ಲಿ. ಪಾಲೆ ಅಂತ ಕಾಸರಕನ ಕೆತ್ತೆ ಬಂದ್ರೆ ಅದ್ರಲ್ಲಿರುದು ಸ್ಟ್ರಿಕ್ನಿನ್, ಮೈ ಸೆಟೆದು ಉಸಿರು ನಿಲ್ಲಿಸುವ ವಿಷ. ಹಿಂದಿನ ದಿನ ಹಗಲಿನಲ್ಲೇ ಎಲೆ ನೋಡಿ ಮರ ಗುರುತು ಹಾಕಿದವರ ಕೆತ್ತೆ ಆದ್ರೆ ದೊಡ್ಡವರು ಕುಡೀರಿ, ಮಕ್ಕಳಿಗೆ ಮೆಂತೆ ಗಂಜಿ ಸಾಕು. ಹೇಗೂ ಅವರಿಗೆ ಇಷ್ಟ ಇರುದೂ ಅದೇ.

ಹಂತ 5: ಆಯುರ್ವೇದ ಮದ್ದಿನ ಲೇಬಲ್ ಓದಿ

ಲೈಸೆನ್ಸ್ ನಂಬ್ರ, ಬ್ಯಾಚ್ ನಂಬ್ರ, ಎಕ್ಸ್‌ಪೈರಿ, ಒಳಗಿರುವ ವಸ್ತುಗಳ ಪಟ್ಟಿ, ತಯಾರಕರ ವಿಳಾಸ ಇರಲೇಬೇಕು. ವತ್ಸನಾಭಿ, ಕಾಸರಕನ ಬೀಜದಂಥ ವಿಷವಸ್ತು ಇದ್ರೆ ವೈದ್ಯರ ನಿಗಾದಲ್ಲಿ ಮಾತ್ರ ತಗೊಳ್ಳಿ ಅಂತ ಎಚ್ಚರಿಕೆ ಹಾಕಬೇಕು ಅಂತ ಕಾನೂನೇ ಉಂಟು. ಹೆಸರಲ್ಲಿ ಭಸ್ಮ, ರಸ, ಸಿಂಧೂರ ಅಂತ ಇದ್ರೆ ಲೋಹ-ಖನಿಜದ್ದು ಇರಬಹುದು, ಕೇಳದೆ ಕೊಡಬೇಡಿ. 2008ರಲ್ಲಿ ಇಂಟರ್‌ನೆಟ್‌ನಲ್ಲಿ ಮಾರ್ತಾ ಇದ್ದ 193 ಆಯುರ್ವೇದ ಉತ್ಪನ್ನ ಪರೀಕ್ಷೆ ಮಾಡಿದಾಗ ಐದರಲ್ಲಿ ಒಂದರಷ್ಟಕ್ಕೆ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಸೀಸ ಮಕ್ಕಳ ಮೆದುಳಿಗೆ ಮಾಡುವ ಹಾನಿ ವಾಪಸ್ ಸರಿ ಆಗುದಿಲ್ಲ.

ಪೇಪರ್ ಪೊಟ್ಟಣದಲ್ಲಿ ಕಟ್ಟಿ ಕೊಡುವ, ಹೆಸರೇ ಇಲ್ಲದ ಪುಡಿ ಬೇಡ. ದಮ್ಮು, ತುರಿಕೆ ಎರಡೇ ದಿನದಲ್ಲಿ ಮಾಯ ಆಯ್ತು ಅಂದ್ರೆ ಖುಷಿ ಪಡುವ ಬದ್ಲು ಸಂಶಯ ಪಡಿ, ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಸಿಕ್ಕಿದ್ದುಂಟು.

ಆಯುರ್ವೇದಕ್ಕೇ ಹೋಗುದಾದ್ರೆ ಬಿಎಎಂಎಸ್ ಆಗಿ ಕೌಮಾರಭೃತ್ಯದಲ್ಲಿ ಎಂಡಿ ಮಾಡಿದವರನ್ನು ನೋಡಿ, ಅದು ಆಯುರ್ವೇದದ ಮಕ್ಕಳ ವಿಭಾಗ.

ಹಂತ 6: ಡಾಕ್ಟ್ರಿಗೆ ಹೇಳುದು, ಮನೆಯವರಿಗೆ ಹೇಳುದು

ಪಟ್ಟಿ ತೋರಿಸಿ, "ಡಾಕ್ಟ್ರೇ, ಇದಿಷ್ಟು ಕೊಡ್ತಾ ಇದ್ದೇವೆ, ಯಾವ್ದು ನಿಲ್ಲಿಸ್ಬೇಕು?" ಅಂತ ಸೀದಾ ಕೇಳಿ. "ಕೊಡಬಹುದಾ" ಅಂತ ಕೇಳಿದ್ರೆ ಗಡಿಬಿಡಿಯಲ್ಲಿ "ಎಂತ ಬೇಡ" ಅಂತ ಹೇಳಿ ಕಳಿಸ್ತಾರೆ. ಬೈದ್ರೆ ಬೈಸ್ಕೊಳ್ಳಿ, ಮುಚ್ಚಿಡುದಕ್ಕಿಂತ ವಾಸಿ. ಫಿಟ್ಸ್ ಮದ್ದು, ಹೃದಯ, ಕಿಡ್ನಿ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆ ಇರುವ ಮಕ್ಕಳಿಗೆ, ಆಪರೇಶನ್ ಇರುವವರಿಗೆ ಇದು ಬಿಟ್ಟು ಬೇರೆ ದಾರಿ ಇಲ್ಲ. ಉದಾಹರಣೆಗೆ ಜೇಷ್ಠಮಧು ಜಾಸ್ತಿ ದಿನ ತಗೊಂಡ್ರೆ ಪೊಟ್ಯಾಸಿಯಂ ಇಳಿದು ಬಿಪಿ ಏರ್ತದೆ. ಆಯುರ್ವೇದ ಡಾಕ್ಟ್ರಿಗೂ ಇದೇ ಪಟ್ಟಿ ತೋರಿಸಿ.

ಮನೆಯಲ್ಲಿ ಅತ್ತೆ ಹತ್ರ ಜಗಳಕ್ಕೆ ಹೋಗಬೇಡಿ. "ಬೇಡ" ಅನ್ನುವ ಬದ್ಲು ಅವರ ಕೈಗೇ ಬೇರೆ ಕೆಲಸ ಕೊಡಿ, ಗಂಜಿ, ಎಣ್ಣೆ ಮಾಲೀಶು, ವರ್ಷ ದಾಟಿದ್ರೆ ರಾತ್ರಿಯ ಜೇನು. ಬಜೆ ನಿಲ್ಲಿಸ್ಲಿಕ್ಕೆ ಮಾತ್ರ ಡಾಕ್ಟ್ರ ಬಾಯಿಂದಲೇ ಹೇಳಿಸಿ, ನಿಮ್ಮ ಮಾತು ನಡೆಯುದಿಲ್ಲ.

ಹಂತ 7: ಒಂದು ಸಲಕ್ಕೆ ಒಂದೇ, ಅಳತೆ ಮಾಡಿ

ಹೊಸದು ಶುರು ಮಾಡುದಾದ್ರೆ ಒಂದೊಂದಾಗಿ, ನಡುವೆ ಮೂರು ನಾಲ್ಕು ದಿನ ಬಿಟ್ಟು. ಒಟ್ಟಿಗೆ ಮೂರು ಶುರು ಮಾಡಿ ಮೈಯೆಲ್ಲ ಬೊಕ್ಕೆ ಎದ್ರೆ ಯಾವುದ್ರಿಂದ ಅಂತ ಹುಡುಕುದು ಹೇಗೆ?

ಡೋಸ್ ತಪ್ಪು ಜಾಸ್ತಿ ಆಗುದು ಪ್ಯಾರಾಸಿಟಮಾಲ್‌ನಲ್ಲೇ. ಕೆಜಿಗೆ 10ರಿಂದ 15 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. 12 ಕೆಜಿ ಮಗುವಿಗೆ 120ರಿಂದ 180 ಮಿಲಿಗ್ರಾಂ ಆಯ್ತು. 5 ಎಂಎಲ್‌ನಲ್ಲಿ 120 ಮಿಲಿಗ್ರಾಂ ಇರುವ ಸಿರಪ್ ಆದ್ರೆ 5ರಿಂದ ಏಳೂವರೆ ಎಂಎಲ್, 250 ಇರುವ ಸಿರಪ್ ಆದ್ರೆ ಎರಡೂವರೆಯಿಂದ ಮೂರೂವರೆ ಎಂಎಲ್ ಮಾತ್ರ. ಎರಡೂ ಬಾಟ್ಲಿ ನೋಡ್ಲಿಕ್ಕೆ ಒಂದೇ ತರ ಇರ್ತದೆ, "ಕಳೆದ ಸಲ ಇಷ್ಟೇ ಕೊಟ್ಟದ್ದು" ಅಂತ ಅಂದಾಜಿಗೆ ಕೊಟ್ರೆ ಡಬಲ್ ಆಗ್ತದೆ. ಶಿಶುಗಳ ಡ್ರಾಪ್ಸ್ ಇನ್ನೂ ಗಟ್ಟಿ, ಸಾಮಾನ್ಯವಾಗಿ ಒಂದೇ ಎಂಎಲ್‌ಗೆ 100 ಮಿಲಿಗ್ರಾಂ. ಶೀತದ ಸಿರಪ್ಪಿನಲ್ಲೂ ಪ್ಯಾರಾಸಿಟಮಾಲ್ ಸೇರಿರ್ತದೆ, ಎರಡೂ ಒಟ್ಟಿಗೆ ಕೊಟ್ರೂ ಅದೇ ಕಥೆ.

ಬೊಕ್ಕೆ, ನಿಲ್ಲದ ವಾಂತಿ, ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ವಿಪರೀತ ನಿದ್ದೆ, ಇದ್ರಲ್ಲಿ ಎಂತ ಕಂಡ್ರೂ ಹೊಸದಾಗಿ ಸೇರಿಸಿದ್ದನ್ನು ತಕ್ಷಣ ನಿಲ್ಲಿಸಿ ಡಾಕ್ಟ್ರ ಹತ್ರ ಹೋಗಿ. ಹೋಗುವಾಗ ಬಾಟ್ಲಿ, ಪೊಟ್ಟಣ, ಉಳಿದ ಕಷಾಯ, ಕೆತ್ತೆಯ ತುಂಡು ಎಂತ ಉಂಟೋ ಅದನ್ನೂ ಚೀಲದಲ್ಲಿ ಹಾಕಿ ತಗೊಂಡು ಹೋಗಿ. ತೊಳೆದು ಬಿಸಾಡಿ ಹೋಗಬೇಡಿ, ನಾಚಿಕೆಗೆ ಹಾಗೆ ಮಾಡುವವರು ಇದ್ದಾರೆ. ಯಾವ ಮದ್ದಿನಿಂದಲೇ ಆಗಲಿ ಅಡ್ಡಪರಿಣಾಮ ಆಯ್ತು ಅಂತ ಅನಿಸಿದ್ರೆ 1800-180-3024ಕ್ಕೆ ನೀವೇ ಫೋನ್ ಮಾಡಿ ವರದಿ ಮಾಡಬಹುದು, ಇದು ಭಾರತದ ಔಷಧ ನಿಗಾ ಕಾರ್ಯಕ್ರಮದ ಟೋಲ್‌ಫ್ರೀ ನಂಬ್ರ. ಬ್ಯಾಚ್ ನಂಬ್ರ ಕೇಳ್ತಾರೆ, ಲೇಬಲ್ಲಿನ ಫೋಟೋ ತೆಗ್ದಿಡಿ ಅಂತ ಹೇಳಿದ್ದು ಅದಕ್ಕೂ ಹೌದು.